ಗಂಟೆ ಲೆಕ್ಕದ ಗಾಡಿ: ಆಫ್‌ರೋಡ್ ಬೈಕನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಹತ್ತು ವರ್ಷದಿಂದ ರಸ್ತೆ ಬೈಕ್ ಓಡಿಸುತ್ತಿದ್ದೇನೆ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ 250 ಸಿಸಿ ಫೋರ್ ಸ್ಟ್ರೋಕ್ ಎಂಡ್ಯೂರೋ ಬೈಕ್ ಕೊಂಡೆ. ವಾರಕ್ಕೊಮ್ಮೆ ಕಾಡುದಾರಿ, ಕಲ್ಲುಹಾದಿಯಲ್ಲಿ ಓಡಿಸುವ ಆಸೆ. ಸೀಟು ತುಂಬಾ ಎತ್ತರ, ಎರಡೂ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಮ್ಯಾನುಯಲ್‌ನಲ್ಲಿ ಕಿಲೋಮೀಟರ್ ಬದಲು ಗಂಟೆ ಲೆಕ್ಕ ಕೊಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಸರ್ವಿಸ್ ಮಾಡಿಸಿದರೆ ಸಾಕಲ್ವಾ? ಏರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕು ಅಂತ ಗೆಳೆಯ ಹೇಳಿದ, ಅದು ಸರಿಯಾ? ಇನ್ನೂ ಏನೇನನ್ನು ನಾನೇ ಮಾಡಿಕೊಳ್ಳಬಹುದು?

ಉತ್ತರ: ಮೂರು ತಿಂಗಳ ಲೆಕ್ಕ ಸಾಲದು. ಫಿಲ್ಟರಿಗೆ ಪೆಟ್ರೋಲ್ ಬೇಡ. ಉಳಿದ ಕೆಲಸದಲ್ಲಿ ಮುಕ್ಕಾಲು ಪಾಲನ್ನು ನೀವೇ ಮಾಡಬಹುದು, ಮಾಡಲೇಬೇಕು. ಏಕೆಂದರೆ ಈ ಗಾಡಿಗೆ ಪ್ರತಿ ಸಲ ಓಡಿಸಿದ ಮೇಲೂ ಯಾರಾದರೂ ಕೈ ಹಾಕಬೇಕು. ಪ್ರತಿ ವಾರ ಮೆಕ್ಯಾನಿಕ್ ಹತ್ತಿರ ಹೋಗುವುದು ಯಾರಿಂದಲೂ ಆಗುವ ಮಾತಲ್ಲ.

ಗಂಟೆ ಲೆಕ್ಕ ಯಾಕೆ ಅಂತ ಮೊದಲು ನೋಡೋಣ. ಅದು ಅರ್ಥವಾದರೆ ಉಳಿದಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ರಸ್ತೆಯಲ್ಲಿ ಒಂದು ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ಆರಾಮಾಗಿ ಹೋಗುತ್ತೀರಿ. ಎಂಜಿನ್ ಟಾಪ್ ಗೇರಿನಲ್ಲಿ ತಣ್ಣಗೆ ಓಡುತ್ತಿರುತ್ತದೆ. ಅದೇ ಕಲ್ಲಿನ ಏರಿನಲ್ಲಿ ಒಂದು ಗಂಟೆಗೆ ಹತ್ತು ಕಿಲೋಮೀಟರ್ ದಾಟುವುದೂ ಕಷ್ಟ. ಆದರೆ ಆ ಹತ್ತು ಕಿಲೋಮೀಟರ್ ಪೂರ್ತಿ ಫಸ್ಟ್, ಸೆಕೆಂಡ್ ಗೇರು, ಅರ್ಧ ಹಿಡಿದ ಕ್ಲಚ್, ಜೋರು ಆಕ್ಸಿಲರೇಟರ್. ಮೀಟರಿನಲ್ಲಿ ಹತ್ತೇ ಕಿಲೋಮೀಟರ್ ಕಾಣಿಸಿದರೂ ಎಂಜಿನ್ ಪಟ್ಟ ಪಾಡು ನೂರರದ್ದು. ಅದಕ್ಕೇ ಈ ಗಾಡಿಗಳಲ್ಲಿ ಎಂಜಿನ್ ಎಷ್ಟು ಹೊತ್ತು ಓಡಿತು ಎಂಬುದನ್ನೇ ಲೆಕ್ಕ ಇಡುತ್ತಾರೆ. ನಿಮ್ಮ ಗಾಡಿಯಲ್ಲಿ ಅವರ್ ಮೀಟರ್ ಇಲ್ಲದಿದ್ದರೆ ಒಂದನ್ನು ಹಾಕಿಸಿಕೊಳ್ಳಿ. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸಣ್ಣ ಮೀಟರ್ ಸಿಗುತ್ತದೆ. ಈ ಗಾಡಿಗೆ ಇದಕ್ಕಿಂತ ಉಪಯೋಗದ ಬಿಡಿಭಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಗಾಡಿಯ ಗುಣ. ಆಫ್‌ರೋಡ್ ಬೈಕ್ ಅಂದರೆ ಒಂದೇ ಜಾತಿ ಅಲ್ಲ. ಮೋಟೋಕ್ರಾಸ್ ಗಾಡಿ ಮಣ್ಣಿನ ಟ್ರ್ಯಾಕಿನಲ್ಲಿ ಜಿಗಿಯೋಕೆ ಮಾಡಿದ್ದು. ಅದಕ್ಕೆ ಲೈಟ್ ಇರುವುದಿಲ್ಲ, ಗೇರುಗಳ ನಡುವಿನ ಅಂತರ ಕಡಿಮೆ. ಎಂಡ್ಯೂರೋ ಗಾಡಿ ಅದರ ಹತ್ತಿರದ ನೆಂಟ. ಆದರೆ ಕಾಡುದಾರಿಯಲ್ಲಿ ಗಂಟೆಗಟ್ಟಲೆ ಓಡಬೇಕು, ನಿಧಾನಕ್ಕೂ ಹೋಗಬೇಕು, ನಡುನಡುವೆ ರಸ್ತೆಯನ್ನೂ ಮುಟ್ಟಬೇಕು. ಹಾಗಾಗಿ ಲೈಟ್ ಇರುತ್ತದೆ, ಗೇರುಗಳ ನಡುವೆ ಅಂತರ ಜಾಸ್ತಿ. ಟ್ರಯಲ್ಸ್ ಗಾಡಿಗೆ ಸೀಟೇ ಇಲ್ಲ ಅನ್ನಬಹುದು, ಅದನ್ನು ನಿಂತುಕೊಂಡೇ ಓಡಿಸುವುದು. ರಸ್ತೆ ಮತ್ತು ಮಣ್ಣು ಎರಡಕ್ಕೂ ಆಗುವ ಡ್ಯುಯಲ್ ಸ್ಪೋರ್ಟ್ ಗಾಡಿಗಳು ಭಾರ ಜಾಸ್ತಿ, ಆದರೆ ಅವುಗಳ ಸರ್ವಿಸ್ ಸಾವಿರಾರು ಕಿಲೋಮೀಟರಿಗೊಮ್ಮೆ. ನೀವು ತೆಗೆದುಕೊಂಡಿರುವುದು ರೇಸ್ ರಕ್ತದ ಗಾಡಿ. ಅದರ ಆರೈಕೆಯೂ ಹಾಗೆಯೇ.

ಎತ್ತರದ ಬಗ್ಗೆ ಕೇಳಿದ್ದೀರಿ. ಪೂರ್ಣ ಗಾತ್ರದ ಎಂಡ್ಯೂರೋ ಬೈಕಿನ ಸೀಟು ನೆಲದಿಂದ ಸುಮಾರು 950 ಮಿ.ಮೀ. ಎತ್ತರದಲ್ಲಿರುತ್ತದೆ. ಸಾಮಾನ್ಯ ರಸ್ತೆ ಬೈಕಿನದು 800ರ ಆಸುಪಾಸು. ಈ ಎತ್ತರ ಸುಮ್ನೆ ಬಂದದ್ದಲ್ಲ. ಎಂಜಿನ್ ಅಡಿಭಾಗ ಕಲ್ಲಿಗೆ, ಮರದ ದಿಮ್ಮಿಗೆ ಬಡಿಯಬಾರದು, ಅದಕ್ಕೆ ನೆಲದಿಂದ 300 ಮಿ.ಮೀ.ಗೂ ಮೇಲೆ ಇಟ್ಟಿರುತ್ತಾರೆ. ಅದರ ಮೇಲೆ, ಚಕ್ರ ಸುಮಾರು 300 ಮಿ.ಮೀ. ಮೇಲೆ ಕೆಳಗೆ ಓಡಾಡಲು ಜಾಗ ಬೇಕು. ರಸ್ತೆ ಬೈಕಿನಲ್ಲಿ ಇದು 120, 130 ಮಿ.ಮೀ. ಇದ್ದರೆ ಹೆಚ್ಚು. ಮಣ್ಣಿನ ಗಾಡಿಗಳಲ್ಲೂ ಮೊದಲು ಇಷ್ಟು ಇರಲಿಲ್ಲ. 1970ರ ದಶಕದ ಶುರುವಿನಲ್ಲಿ ಹಿಂದಿನ ಚಕ್ರ ಓಡಾಡುತ್ತಿದ್ದುದು ಸುಮಾರು 100 ಮಿ.ಮೀ. ಮಾತ್ರ. ಆ ದಶಕ ಮುಗಿಯುವಷ್ಟರಲ್ಲಿ ಅದು ಮೂರು ಪಟ್ಟಾಯಿತು. ಯಮಹಾ ತನ್ನ ಮೋಟೋಕ್ರಾಸ್ ಗಾಡಿಗಳಿಗೆ ತಂದ ಒಂಟಿ ಹಿಂಬದಿ ಶಾಕ್ ಅದಕ್ಕೆ ದೊಡ್ಡ ದಾರಿ ಮಾಡಿಕೊಟ್ಟಿತು.

ಹಾಗಾಗಿ ಸೀಟಿನ ಸ್ಪಂಜು ಕತ್ತರಿಸಿ ಗಾಡಿ ತಗ್ಗಿಸಲು ಈಗಲೇ ಹೋಗಬೇಡಿ. ಎರಡೂ ಕಾಲು ಊರುವ ಅಗತ್ಯವೇ ಇಲ್ಲ. ನಿಲ್ಲಿಸುವಾಗ ಸೀಟಿನ ಒಂದು ಬದಿಗೆ ಸರಿದು ಒಂದೇ ಕಾಲು ಪೂರ್ತಿ ಊರಿ. ದಾರಿಯಲ್ಲಿ ಎತ್ತರದ ಬದಿ ಯಾವುದು ಅಂತ ನೋಡಿಕೊಂಡು ನಿಲ್ಲಿಸಿ. ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಅದಕ್ಕೂ ಮೊದಲು ಸಸ್ಪೆನ್ಷನ್ ನಿಮ್ಮ ತೂಕಕ್ಕೆ ಹೊಂದಿದೆಯಾ ನೋಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮುಂದಿನ ಚಕ್ರ 21 ಇಂಚು, ಹಿಂದಿನದು 18 ಇಂಚು ಇರುತ್ತದೆ. ದೊಡ್ಡ ಚಕ್ರ ಕಲ್ಲಿನ ಮೇಲೆ ಹತ್ತಿಕೊಂಡು ಹೋಗುತ್ತದೆ, ಸಣ್ಣದು ಡಿಕ್ಕಿ ಹೊಡೆದು ನಿಲ್ಲುತ್ತದೆ. ಹಿಂದೆ 18 ಇಂಚು ಇಟ್ಟಿರುವುದು ಟಯರಿನ ಗೋಡೆ ಎತ್ತರ ಇರಲಿ ಅಂತ. ಆ ರಬ್ಬರಿನ ಎತ್ತರವೇ ರಿಮ್ಮನ್ನು ಕಲ್ಲಿನಿಂದ ಕಾಪಾಡುವುದು. ಮೋಟೋಕ್ರಾಸಿನಲ್ಲಿ ಕಲ್ಲು ಕಡಿಮೆ, ಅದಕ್ಕೇ ಅಲ್ಲಿ ಹಿಂದೆ 19 ಇಂಚು. ರಿಮ್ ಅಲಾಯ್ ಎರಕದ್ದಲ್ಲ, ಕಡ್ಡಿಯದ್ದು. ಪೆಟ್ಟು ಬಿದ್ದರೆ ಎರಕದ ಚಕ್ರ ಸೀಳುತ್ತದೆ, ಕಡ್ಡಿ ಚಕ್ರ ಬಗ್ಗುತ್ತದೆ. ಬಗ್ಗಿದ್ದನ್ನು ನೆಟ್ಟಗೆ ಮಾಡಬಹುದು. ಇಡೀ ಗಾಡಿಯ ತೂಕ 110 ಕಿಲೋ ಆಸುಪಾಸು. ಅಷ್ಟು ಹಗುರ ಮಾಡಲು ಎಲ್ಲವನ್ನೂ ತೆಳ್ಳಗೆ, ಸಣ್ಣದಾಗಿ ಮಾಡಿರುತ್ತಾರೆ. ಎಂಜಿನ್ ಆಯಿಲ್ ಒಂದು ಲೀಟರಿನ ಸುತ್ತಮುತ್ತ, ರೇಡಿಯೇಟರ್ ಪುಟ್ಟದು, ಬೋಲ್ಟುಗಳು ಸಣ್ಣವು. ಬೀಳಲಿ ಅಂತಲೇ ಮಾಡಿದ ಗಾಡಿ ಇದು. ಆದರೆ ಬಿದ್ದಮೇಲೆ ಯಾರಾದರೂ ನೋಡಿಕೊಳ್ಳುತ್ತಾರೆ ಎಂದು ನಂಬಿ ಮಾಡಿದ ಗಾಡಿಯೂ ಹೌದು.

ಈಗ ಏರ್ ಫಿಲ್ಟರ್. ಈ ಉತ್ತರದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನನ್ನ ಮೊದಲ ಫೋರ್ ಸ್ಟ್ರೋಕ್ ಎಂಡ್ಯೂರೋ ಗಾಡಿಯ ಫಿಲ್ಟರನ್ನು ನಾನು ಪ್ರತಿ ವಾರ ತೊಳೆಯುತ್ತಿದ್ದೆ. ಚೆನ್ನಾಗಿಯೇ ತೊಳೆಯುತ್ತಿದ್ದೆ. ಆದರೂ ಒಂದು ದಿನದಿಂದ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗುವುದು ಕಷ್ಟವಾಯಿತು. ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ಬಿಚ್ಚಿದೆ, ಏನೂ ಸರಿಹೋಗಲಿಲ್ಲ. ಕೊನೆಗೆ ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದು) ನೋಡಿದಾಗ, ಗಾಳಿಯನ್ನು ಒಳಗೆ ಬಿಡುವ ಇನ್‌ಲೆಟ್ ವಾಲ್ವುಗಳಲ್ಲಿ ಗ್ಯಾಪೇ ಉಳಿದಿರಲಿಲ್ಲ. ಹೆಡ್ ಬಿಚ್ಚಿದರೆ ವಾಲ್ವಿನ ಅಂಚು ಸವೆದು ಕುಳಿ ಬಿದ್ದಿತ್ತು. ಧೂಳು ಒಳಗೆ ಹೋಗಿದ್ದು ಫಿಲ್ಟರಿನ ಮೂಲಕ ಅಲ್ಲ, ಪಕ್ಕದಿಂದ. ಫಿಲ್ಟರಿನ ಅಂಚು ಒಂದು ಕಡೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು. ಅಷ್ಟು ಸಾಕಾಯಿತು. ವಾಲ್ವ್, ಪಿಸ್ಟನ್, ರಿಂಗ್ ಎಲ್ಲವನ್ನೂ ಹೊಸದು ಹಾಕಬೇಕಾಯಿತು. ಆವತ್ತಿನಿಂದ ಫಿಲ್ಟರ್ ತೊಳೆಯುವುದಕ್ಕಿಂತ ಕೂರಿಸುವುದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ.

ಇದನ್ನು ಯಾಕೆ ಹೇಳಿದೆ ಅಂದರೆ ನಿಮ್ಮದೂ ಅದೇ ಜಾತಿಯ ಎಂಜಿನ್. 1998ರಲ್ಲಿ ಯಮಹಾ ವೈಝಡ್400ಎಫ್ ಬಂದ ಮೇಲೆ ಮಣ್ಣಿನ ಗಾಡಿಗಳಲ್ಲಿ ಜೋರಾಗಿ ಸುತ್ತುವ ಫೋರ್ ಸ್ಟ್ರೋಕ್ ಎಂಜಿನ್‌ಗಳ ಕಾಲ ಶುರುವಾಯಿತು. ಇಂದಿನ 250 ಸಿಸಿ ಮೋಟೋಕ್ರಾಸ್ ಎಂಜಿನ್ ನಿಮಿಷಕ್ಕೆ 13,000 ಸುತ್ತು ದಾಟುತ್ತದೆ. ಅಷ್ಟು ಜೋರಿಗೆ ಹಗುರವಾದ ವಾಲ್ವ್ ಬೇಕು, ಹಲವು ಗಾಡಿಗಳಲ್ಲಿ ಅವು ಟೈಟೇನಿಯಂನವು. ಅದರ ಮೇಲ್ಮೈ ಪದರ ತುಂಬಾ ತೆಳು. ಮರಳಿನ ಪುಡಿ ಅದನ್ನು ಉಜ್ಜು ಕಾಗದದ ಹಾಗೆ ತಿನ್ನುತ್ತದೆ. ಪದರ ಸವೆದ ಮೇಲೆ ವಾಲ್ವ್ ಬೇಗ ಬೇಗ ಒಳಗೆ ಕೂರುತ್ತಾ ಹೋಗುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ, ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಷನ್) ಸೋರುತ್ತದೆ. ಹೊರಗೆ ಕಾಣುವ ಮೊದಲ ಗುರುತು ಒಂದೇ: ತಣ್ಣಗಿರುವಾಗ ಸ್ಟಾರ್ಟ್ ಆಗಲು ಹಟ ಮಾಡುವುದು.

ಪೆಟ್ರೋಲ್ ಯಾಕೆ ಬೇಡ? ಒಂದು, ಬೆಂಕಿಯ ಭಯ. ಎರಡು, ಈ ಫಿಲ್ಟರ್ ಎರಡು ಪದರದ ಫೋಮ್. ಪದರಗಳನ್ನು ಅಂಟಿನಿಂದ ಕೂಡಿಸಿರುತ್ತಾರೆ. ಪೆಟ್ರೋಲ್ ಆ ಅಂಟನ್ನು ಸಡಿಲ ಮಾಡುತ್ತದೆ, ಫೋಮನ್ನೂ ಹಾಳು ಮಾಡುತ್ತದೆ. ಹೊಲಿಗೆ ಬಿಟ್ಟ ಫಿಲ್ಟರ್ ನೋಡಲು ಚೆನ್ನಾಗಿಯೇ ಕಾಣುತ್ತದೆ, ಧೂಳು ಮಾತ್ರ ಸಂದಿನಿಂದ ನುಗ್ಗುತ್ತದೆ. ಫೋಮ್ ಫಿಲ್ಟರಿಗೆಂದೇ ಕ್ಲೀನರ್ ಸಿಗುತ್ತದೆ, ಅದನ್ನೇ ಬಳಸಿ.

ಕ್ರಮ ಹೀಗೆ. ಸೀಟು ಅಥವಾ ಪಕ್ಕದ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಒರೆಸಿ. ಫಿಲ್ಟರನ್ನು ಮೆಲ್ಲಗೆ ಹೊರಗೆ ತೆಗೆಯಿರಿ, ಅದರ ಮೇಲಿನ ಮಣ್ಣು ಎಂಜಿನ್ ಬಾಯಿಗೆ ಉದುರಬಾರದು. ತಕ್ಷಣ ಆ ಬಾಯಿಗೆ ಒಂದು ಶುದ್ಧ ಬಟ್ಟೆ ತುರುಕಿ. ಕ್ಲೀನರಿನಲ್ಲಿ ಅದ್ದಿ ಹಿಸುಕಿ, ಆಮೇಲೆ ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ, ಬರೀ ಅಮುಕಿ. ನೆರಳಿನಲ್ಲಿ ಪೂರ್ತಿ ಒಣಗಲಿ. ಒಂದು ಹನಿ ನೀರು ಉಳಿದರೂ ಆ ಜಾಗಕ್ಕೆ ಎಣ್ಣೆ ಹಿಡಿಯುವುದಿಲ್ಲ.

ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಾಕಬೇಕು. ಎಂಜಿನ್ ಆಯಿಲ್ ಅಲ್ಲ. ಎಂಜಿನ್ ಆಯಿಲ್ ಇಳಿದು ಕೆಳಗೆ ಸೇರುತ್ತದೆ, ಮೇಲಿನ ಭಾಗ ಬೋಳಾಗಿ ಉಳಿಯುತ್ತದೆ. ಫಿಲ್ಟರ್ ಆಯಿಲ್ ಅಂಟಂಟು. ಧೂಳನ್ನು ಹಿಡಿದಿಟ್ಟುಕೊಳ್ಳುವುದೇ ಆ ಅಂಟು, ಫೋಮ್ ಅದಕ್ಕೆ ಬರೀ ಮನೆ. ಕೈಗವಸು ಹಾಕಿಕೊಂಡು ಎಣ್ಣೆ ಹಚ್ಚಿ, ಇಡೀ ಫೋಮಿಗೆ ಒಂದೇ ಬಣ್ಣ ಬರುವ ತನಕ ಅಮುಕುತ್ತಾ ಹೋಗಿ. ಹೆಚ್ಚಾದದ್ದನ್ನು ಹಿಸುಕಿ ತೆಗೆಯಿರಿ. ಫಿಲ್ಟರಿನ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ. ಕೂರಿಸಿದ ಮೇಲೆ ಅಂಚಿನ ಸುತ್ತ ಬೆರಳು ಆಡಿಸಿ. ಕಣ್ಣಿಗೆ ಕಾಣದ ಸಂದು ಬೆರಳಿಗೆ ಸಿಗುತ್ತದೆ. ಧೂಳಿನ ದಿನವಾದರೆ ಪ್ರತಿ ಸಲ ಓಡಿಸಿದ ಮೇಲೂ ಇದು ಆಗಬೇಕು. ಎರಡು ಮೂರು ಫಿಲ್ಟರ್ ಇಟ್ಟುಕೊಂಡು, ಎಣ್ಣೆ ಹಾಕಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆಳಗಿನ ಕೆಲಸ ಐದು ನಿಮಿಷದ್ದು.

ಇನ್ನು ಎಂಜಿನ್ ಆಯಿಲ್. ಸುಮಾರು ಒಂದು ಲೀಟರ್ ಅಂದೆನಲ್ಲ, ಆ ಒಂದು ಲೀಟರೇ ಪಿಸ್ಟನ್ನಿಗೂ, ಗೇರಿಗೂ, ಕ್ಲಚ್ಚಿಗೂ ಆಗಬೇಕು. ಕೆಲವು ಗಾಡಿಗಳಲ್ಲಿ ಗೇರಿಗೆ ಬೇರೆ ಆಯಿಲ್ ಇರುತ್ತದೆ, ಮ್ಯಾನುಯಲ್ ನೋಡಿ. ಕ್ಲಚ್ ಪ್ಲೇಟ್ ಸವೆದ ಪುಡಿ, ಗೇರಿನ ಪುಡಿ ಎಲ್ಲ ಸೇರುವುದು ಅದಕ್ಕೇ. ರೇಸ್ ಗಾಡಿಗಳಿಗೆ ಐದು ಹತ್ತು ಗಂಟೆಗೊಮ್ಮೆ ಆಯಿಲ್ ಬದಲಿಸುವುದು ಸಾಮಾನ್ಯ. ಎಂಡ್ಯೂರೋ ಗಾಡಿಗಳಿಗೆ ಕಂಪನಿ ಇನ್ನೂ ಸ್ವಲ್ಪ ಜಾಸ್ತಿ ಗಂಟೆ ಕೊಟ್ಟಿರಬಹುದು. ನಿಮ್ಮ ಮ್ಯಾನುಯಲ್‌ನಲ್ಲಿ ಎರಡು ಲೆಕ್ಕ ಇದ್ದರೆ, ರೇಸಿಗೆ ಒಂದು, ಹವ್ಯಾಸಕ್ಕೆ ಒಂದು, ಕಡಿಮೆ ಗಂಟೆಯದನ್ನೇ ಹಿಡಿಯಿರಿ. ಆಯಿಲ್ ಅಗ್ಗ, ಎಂಜಿನ್ ಅಲ್ಲ. ವಾರಕ್ಕೆ ನಾಲ್ಕು ಗಂಟೆ ಓಡಿಸಿದರೂ ಮೂರು ತಿಂಗಳಿಗೆ ಐವತ್ತು ಗಂಟೆ ಹತ್ತಿರ ಆಗುತ್ತದೆ. ಅಲ್ಲಿಯವರೆಗೆ ಅದೇ ಆಯಿಲ್ ಇರುವುದನ್ನು ಯೋಚಿಸಲೂ ನನಗೆ ಕಷ್ಟವಾಗುತ್ತದೆ.

ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಇರಲಿ. ಕ್ಲಚ್ ಆಯಿಲಿನಲ್ಲೇ ಮುಳುಗಿರುವ ಬೈಕುಗಳಿಗೆ ಸರಿಹೋಗುತ್ತದೆ ಎಂಬ ಗುರುತು ಅದು. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥ ಇರಬಹುದು, ಕ್ಲಚ್ ಜಾರಲು ಶುರುವಾಗುತ್ತದೆ. ಎಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ಸಹಜ. ಚೂರು, ಎಳೆ, ಹಾಳೆಯ ಹಾಗಿನ ಲೋಹ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಅಥವಾ ಕೂಲೆಂಟ್ ಸೇರಿದೆ ಅಂತ ಅರ್ಥ. ಡ್ರೈನ್ ಬೋಲ್ಟನ್ನು ಸ್ಪ್ಯಾನರ್ ಹಿಡಿದು ತಾಕತ್ತು ತೋರಿಸಿ ಬಿಗಿ ಮಾಡಬೇಡಿ. ಎಂಜಿನ್ ಕೇಸು ಅಲ್ಯೂಮಿನಿಯಂ, ಬೋಲ್ಟ್ ಕೂರುವ ಥ್ರೆಡ್ ಕಿತ್ತು ಬರುತ್ತದೆ. ಎಷ್ಟು ಬಿಗಿ ಮಾಡಿದಿರಿ ಅಂತ ಅಳೆದು ಹೇಳುವ ಟಾರ್ಕ್ ವ್ರೆಂಚ್ ಒಂದನ್ನು ಕೊಂಡುಕೊಳ್ಳಿ.

ಚೈನ್ ವಿಷಯದಲ್ಲಿ ರಸ್ತೆ ಬೈಕಿನವರು ಮಾಡುವ ತಪ್ಪು ಒಂದೇ, ಬಿಗಿ ಮಾಡುವುದು. ಸ್ಟ್ಯಾಂಡ್ ಮೇಲೆ ನಿಂತಾಗ ಎಂಡ್ಯೂರೋ ಗಾಡಿಯ ಚೈನ್ ಜೋತು ಬಿದ್ದ ಹಾಗೆ ಕಾಣುತ್ತದೆ, ಕಾಣಲೇಬೇಕು. ಹಿಂದಿನ ಚಕ್ರ ಮೇಲೆ ಬರುತ್ತಾ, ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಎಳೆದುಕೊಳ್ಳುತ್ತದೆ. ಓಡಾಟ 300 ಮಿ.ಮೀ. ಇರುವಾಗ ಆ ವ್ಯತ್ಯಾಸ ದೊಡ್ಡದು. ನಿಂತಾಗಲೇ ಬಿಗಿ ಇದ್ದರೆ ಮೊದಲ ದೊಡ್ಡ ಹಳ್ಳದಲ್ಲೇ ಮುಂದಿನ ಸ್ಪ್ರಾಕೆಟಿನ ಬೇರಿಂಗ್ ಆ ಪೆಟ್ಟನ್ನೆಲ್ಲ ತಿನ್ನುತ್ತದೆ. ಹಲವರು ಬಳಸುವ ಒರಟು ಅಳತೆ: ಸ್ವಿಂಗ್‌ಆರ್ಮ್ ಮೇಲಿನ ಪ್ಲಾಸ್ಟಿಕ್ ಸ್ಲೈಡರ್ ಮುಗಿಯುವಲ್ಲಿ ಚೈನಿನ ಕೆಳಗೆ ಮೂರು ಬೆರಳು ತೂರಬೇಕು. ಸರಿಯಾದ ಸಂಖ್ಯೆ ಮ್ಯಾನುಯಲ್‌ನಲ್ಲಿದೆ, ಅಳೆಯುವ ಜಾಗವೂ ಅದರಲ್ಲಿದೆ. ಆಕ್ಸಲ್ ಬಿಗಿ ಮಾಡುವಾಗ ಚೈನಿಗೂ ಹಿಂದಿನ ಸ್ಪ್ರಾಕೆಟಿಗೂ ನಡುವೆ ಒಂದು ಬಟ್ಟೆ ಸಿಕ್ಕಿಸಿ ಚಕ್ರ ತಿರುಗಿಸಿ. ಆಕ್ಸಲ್ ಮುಂದಕ್ಕೆ ಒತ್ತಿಕೊಂಡು ಅಡ್ಜಸ್ಟರಿಗೆ ಸರಿಯಾಗಿ ತಾಗುತ್ತದೆ. ಇದನ್ನು ಎಂಜಿನ್ ಆಫ್ ಇರುವಾಗ ಮಾತ್ರ, ಬೆರಳು ದೂರ ಇಟ್ಟು ಮಾಡಿ.

ಹಿಂದಿನ ಸ್ಪ್ರಾಕೆಟಿನ ಹಿಂತುದಿಯಲ್ಲಿ ಚೈನನ್ನು ಹೊರಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧದಷ್ಟು ಬೆಳಕು ಕಂಡರೆ ಚೈನ್ ಮುಗಿದಿದೆ. ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ದರೆ ಸ್ಪ್ರಾಕೆಟ್ ಮುಗಿದಿದೆ. ಬದಲಿಸುವಾಗ ಎರಡು ಸ್ಪ್ರಾಕೆಟ್, ಚೈನ್ ಮೂರನ್ನೂ ಒಟ್ಟಿಗೆ. ಹಳೇ ಹಲ್ಲಿನ ಮೇಲೆ ಹೊಸ ಚೈನ್ ಬಾಳುವುದಿಲ್ಲ. ಚೈನಿನ ಲಾಕ್ ಕ್ಲಿಪ್ ಇದ್ದರೆ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ಚಕ್ರದ ಕಡ್ಡಿಗಳಿಗೆ ಕಿವಿಯೇ ಉಪಕರಣ. ಸಣ್ಣ ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟುತ್ತಾ ಹೋಗಿ. ಟಿಣ್ ಅಂದರೆ ಸರಿ, ಠಪ್ ಅಂದರೆ ಲೂಸು. ಲೂಸಾದದ್ದನ್ನು ಒಮ್ಮೆಲೇ ಬಿಗಿದು ಮುಗಿಸಬೇಡಿ, ಕಾಲು ಸುತ್ತು ತಿರುಗಿಸಿ, ಚಕ್ರ ಪೂರ್ತಿ ತಟ್ಟಿ ನೋಡಿ, ಮತ್ತೆ ಬನ್ನಿ. ರಿಮ್ ಲಾಕ್ ಪಕ್ಕದ ಕಡ್ಡಿಗಳು ಬೇಗ ಸಡಿಲವಾಗುತ್ತವೆ, ಅಲ್ಲಿಂದಲೇ ಶುರು ಮಾಡಿ. ರಿಮ್ ಲಾಕ್ ಅಂದರೆ ಟಯರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವ ತುಂಡು. ಮಣ್ಣಿನಲ್ಲಿ ಗಾಳಿ 12ರಿಂದ 15 ಪಿಎಸ್ಐ ಮಾತ್ರ ಇಡುತ್ತೇವೆ, ಟಯರ್ ನೆಲವನ್ನು ಅಪ್ಪಿ ಹಿಡಿಯಲಿ ಅಂತ. ಅಷ್ಟು ಕಡಿಮೆ ಗಾಳಿಯಲ್ಲಿ ಲಾಕ್ ಇಲ್ಲದಿದ್ದರೆ ಟಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತು ಹಾಕುತ್ತದೆ. ಕಲ್ಲು ಜಾಸ್ತಿ ಇರುವಲ್ಲಿ 12ಕ್ಕಿಂತ ಇಳಿಸಬೇಡಿ, ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ. ಇನ್ನೊಂದು: ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ತಾಗಿಸಿಡಿ. ಟಯರ್ ಜಾರಿದರೆ ವಾಲ್ವ್ ಓರೆಯಾಗಿ ನಿಮಗೆ ಕಾಣುತ್ತದೆ, ಹರಿಯುವ ಮೊದಲೇ ಸರಿ ಮಾಡಬಹುದು.

ಸಸ್ಪೆನ್ಷನ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಹೊಸಬರು ಸಸ್ಪೆನ್ಷನ್ ಎಷ್ಟು ಬೇಗ ಓಡಾಡಬೇಕು ಅಂತ ಹೊಂದಿಸುವ ಕ್ಲಿಕ್ಕರ್ ಸ್ಕ್ರೂಗಳನ್ನು ತಿರುಗಿಸಲು ಹೋಗುತ್ತಾರೆ. ಅದಕ್ಕೂ ಮೊದಲು ನಿಮ್ಮ ತೂಕಕ್ಕೆ ಗಾಡಿ ಎಷ್ಟು ಇಳಿಯುತ್ತದೆ ಅಂತ ಅಳೆಯಬೇಕು. ಗಾಡಿಯನ್ನು ಸ್ಟ್ಯಾಂಡಿಗೆ ಹತ್ತಿಸಿ, ಹಿಂದಿನ ಚಕ್ರ ಗಾಳಿಯಲ್ಲಿರಲಿ. ಆಕ್ಸಲ್‌ನಿಂದ ನೇರ ಮೇಲಕ್ಕೆ ಫೆಂಡರಿನ ಮೇಲೆ ಒಂದು ಗುರುತು ಹಾಕಿ ಅಳತೆ ಬರೆದುಕೊಳ್ಳಿ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿ ಅದರದೇ ತೂಕದಲ್ಲಿ ಅಳೆಯಿರಿ. ಕೊನೆಗೆ ಹೆಲ್ಮೆಟ್, ಬೂಟು ಎಲ್ಲ ಹಾಕಿಕೊಂಡು ನೀವು ಹತ್ತಿ ಕುಳಿತಾಗ ಇನ್ನೊಬ್ಬರು ಅಳೆಯಲಿ. ಮೊದಲ ಅಳತೆಗೂ ಕೊನೆಯದಕ್ಕೂ ಸುಮಾರು 100ರಿಂದ 105 ಮಿ.ಮೀ. ವ್ಯತ್ಯಾಸ ಇರಬೇಕು, ಅಂದರೆ ಒಟ್ಟು ಓಡಾಟದ ಮೂರನೇ ಒಂದು ಪಾಲು. ಹೆಚ್ಚು ಕಡಿಮೆ ಇದ್ದರೆ ಸ್ಪ್ರಿಂಗಿನ ಮೇಲಿನ ರಿಂಗ್ ತಿರುಗಿಸಿ ಸರಿ ಮಾಡಿ. ನೀವು ಹತ್ತಿದಾಗಲೂ ಗಾಡಿ ಇಳಿಯದೆ ನಿಂತಿದ್ದರೆ ನಿಮ್ಮ ಕಾಲು ತಾಗದಿರಲು ಅದೂ ಒಂದು ಕಾರಣ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ಕುಳಿತಾಗಿನ ಅಳತೆ ಸರಿ ಬಂದ ಮೇಲೆ, ಗಾಡಿಯದೇ ತೂಕಕ್ಕೆ ಎಷ್ಟು ಇಳಿಯುತ್ತದೆ ಅಂತ ನೋಡಿ. 30ರಿಂದ 40 ಮಿ.ಮೀ. ಇದ್ದರೆ ಸ್ಪ್ರಿಂಗ್ ನಿಮಗೆ ಹೊಂದುತ್ತದೆ. ಅದಕ್ಕಿಂತ ತುಂಬಾ ಕಡಿಮೆ ಇಳಿದರೆ ಸ್ಪ್ರಿಂಗ್ ಗಟ್ಟಿ ಅಂತ ಅನ್ನಿಸುತ್ತದೆ ಅಲ್ವಾ? ನಿಜ ಅದರ ಉಲ್ಟಾ. ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಿದೆ, ಅದನ್ನು ಸರಿದೂಗಿಸಲು ರಿಂಗ್ ತುಂಬಾ ಬಿಗಿ ಮಾಡಬೇಕಾಯಿತು, ಅದಕ್ಕೇ ಗಾಡಿ ತಾನಾಗಿ ಇಳಿಯುತ್ತಿಲ್ಲ. ಆಗ ಸ್ಪ್ರಿಂಗನ್ನೇ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹಿಂದಿನ ಮಾಲೀಕರ ತೂಕಕ್ಕೆ ಸ್ಪ್ರಿಂಗ್ ಹಾಕಿಸಿರುವುದು ಸಾಮಾನ್ಯ, ಅದನ್ನು ಯಾರೂ ಹೇಳಿರುವುದಿಲ್ಲ.

ಮುಂದಿನ ಫೋರ್ಕಿನ ಸೀಲಿನಿಂದ ಎಣ್ಣೆ ಒಸರುತ್ತಿದ್ದರೆ ಕೂಡಲೇ ಹೊಸ ಸೀಲ್ ಅಂತ ಹೊರಡಬೇಡಿ. ಹಲವು ಸಲ ಸೀಲಿನ ತುಟಿಯಡಿ ಮಣ್ಣಿನ ಕಣ ಸಿಕ್ಕಿಕೊಂಡಿರುತ್ತದೆ. ಹೊರಗಿನ ಡಸ್ಟ್ ಸೀಲ್ ಸರಿಸಿ, ಅದಕ್ಕೆಂದೇ ಸಿಗುವ ತೆಳು ಪ್ಲಾಸ್ಟಿಕ್ ತುಂಡನ್ನು ಸುತ್ತ ಆಡಿಸಿದರೆ ಕಣ ಹೊರಗೆ ಬರುತ್ತದೆ. ಆದರೆ ಆ ಎಣ್ಣೆ ಬ್ರೇಕ್ ಪ್ಯಾಡಿಗೆ ತಾಗಿದ್ದರೆ ಪ್ಯಾಡ್ ಬದಲಿಸಲೇಬೇಕು. ತೊಳೆದು ಬಳಸುವ ಯೋಚನೆ ಬೇಡ.

ಬ್ರೇಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮರಳು ಕೆಸರಿನಲ್ಲಿ ಒಂದೇ ದಿನಕ್ಕೆ ಪ್ಯಾಡ್ ಮುಗಿಯಬಹುದು, ಪ್ರತಿ ಸಲ ಹೊರಡುವ ಮೊದಲು ನೋಡಿ. ಡಾಟ್ 4 ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ವರ್ಷಕ್ಕೊಮ್ಮೆ ಬದಲಿಸಿ. ಲಿವರುಗಳ ಕ್ಲಾಂಪನ್ನು ಪೂರ್ತಿ ಬಿಗಿ ಮಾಡದೆ, ಕೈಯಿಂದ ಜೋರಾಗಿ ಒತ್ತಿದರೆ ತಿರುಗುವಷ್ಟು ಬಿಡಿ. ಗಾಡಿ ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ.

ತೊಳೆಯುವುದು ಕೂಡ ಸರ್ವಿಸಿನ ಭಾಗವೇ. ಬೋಲ್ಟ್ ಸಡಿಲವಾದದ್ದು, ಬಿರುಕು ಬಿಟ್ಟದ್ದು, ಎಣ್ಣೆ ಸೋರಿದ್ದು ಕಣ್ಣಿಗೆ ಬೀಳುವುದು ಆಗಲೇ. ಪ್ರೆಷರ್ ವಾಷರ್ ಬಳಸುವುದಾದರೆ ಚಕ್ರದ ಬೇರಿಂಗ್, ಸ್ವಿಂಗ್‌ಆರ್ಮ್ ಕೀಲು, ಹ್ಯಾಂಡಲ್ ಕತ್ತು, ಫೋರ್ಕ್ ಸೀಲ್, ಚೈನ್, ರೇಡಿಯೇಟರ್ ಇವುಗಳ ಮೇಲೆ ಹತ್ತಿರದಿಂದ ನೇರ ಹೊಡೆಯಬೇಡಿ. ನೀರು ಸೀಲ್ ದಾಟಿ ಗ್ರೀಸನ್ನು ಓಡಿಸಿಬಿಡುತ್ತದೆ. ಸೈಲೆನ್ಸರ್ ಬಾಯಿಗೆ ಬಿರಡೆ ಹಾಕಿ, ಏರ್ ಫಿಲ್ಟರ್ ಜಾಗಕ್ಕೆ ವಾಷ್ ಕವರ್ ಹಾಕಿ. ತೊಳೆದ ಮೇಲೆ ಬಿರಡೆ, ಕವರ್ ತೆಗೆದು, ಫಿಲ್ಟರ್ ಕೂರಿಸಿ, ಎಂಜಿನ್ ಕೆಲವು ನಿಮಿಷ ಓಡಿಸಿ ಒಣಗಲಿ, ಚೈನಿಗೆ ಲ್ಯೂಬ್ ಹಾಕಿ. ಹಿಂದಿನ ಶಾಕಿನ ಕೆಳಗಿರುವ ಲಿಂಕೇಜ್ (ಶಾಕನ್ನು ಸ್ವಿಂಗ್‌ಆರ್ಮಿಗೆ ಜೋಡಿಸುವ ಕೊಂಡಿ) ಬೇರಿಂಗುಗಳು ಎಲ್ಲಕ್ಕಿಂತ ಕೆಳಗೆ, ಕೆಸರಿನಲ್ಲೇ ಬದುಕುತ್ತವೆ. ಅವನ್ನು ವರ್ಷಕ್ಕೆ ಒಂದೆರಡು ಸಲ ಬಿಚ್ಚಿ ಗ್ರೀಸ್ ತುಂಬಲೇಬೇಕು. ಯಾರೂ ಮಾಡುವುದಿಲ್ಲ, ಅದಕ್ಕೇ ಹಳೇ ಗಾಡಿಗಳಲ್ಲಿ ಮೊದಲು ತುಕ್ಕು ಹಿಡಿದು ಸಿಗುವುದು ಅವೇ.

ಹೊಳೆ ದಾಟುವಾಗ ಗಾಡಿ ಮುಳುಗಿದರೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪ್ಲಗ್ ಬಿಚ್ಚಿ, ಎಂಜಿನ್ ತಿರುಗಿಸಿ ನೀರನ್ನು ಹೊರಗೆ ಚಿಮ್ಮಿಸಿ. ಫಿಲ್ಟರ್ ಪೆಟ್ಟಿಗೆ, ಸೈಲೆನ್ಸರ್ ಖಾಲಿ ಮಾಡಿ. ಆಯಿಲ್ ಬಣ್ಣ ನೋಡಿದ ಮೇಲೆ ಮಾತ್ರ ಪ್ಲಗ್ ಹಾಕಿ.

ಮೆಕ್ಯಾನಿಕ್‌ಗೆ ಏನು ಬಿಡಬೇಕು? ವಾಲ್ವ್ ಗ್ಯಾಪ್, ಪಿಸ್ಟನ್, ಫೋರ್ಕ್ ಮತ್ತು ಶಾಕ್ ಆಯಿಲ್. ಪಿಸ್ಟನ್ ಬದಲಿಸುವುದಕ್ಕೂ ಮ್ಯಾನುಯಲ್‌ನಲ್ಲಿ ಗಂಟೆ ಬರೆದಿರುತ್ತದೆ. ರಸ್ತೆ ಬೈಕಿನಿಂದ ಬಂದವರಿಗೆ ಅದು ಆಶ್ಚರ್ಯ, ಆದರೆ ಮುರಿಯುವ ಮೊದಲೇ ಬದಲಿಸುವ ಭಾಗ ಅದು. ಮುರಿದ ಪಿಸ್ಟನ್ ತಾನೊಂದೇ ಹೋಗುವುದಿಲ್ಲ, ಇಡೀ ಎಂಜಿನ್ ತೆಗೆದುಕೊಂಡು ಹೋಗುತ್ತದೆ.

ನಿಮ್ಮದು ಸೆಕೆಂಡ್ ಹ್ಯಾಂಡ್ ಆದ್ದರಿಂದ ಹಿಂದಿನ ಗಂಟೆಗಳ ಮಾತನ್ನು ನಂಬಿ ಕೂರಬೇಡಿ. ಎಲ್ಲ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಹೊಸದು ಹಾಕಿ, ಇವತ್ತಿನ ಮೀಟರ್ ಓದನ್ನು ಒಂದು ಪುಸ್ತಕದಲ್ಲಿ ಬರೆದು ಅಲ್ಲಿಂದ ಲೆಕ್ಕ ಶುರು ಮಾಡಿ. ವಾಲ್ವ್ ಗ್ಯಾಪ್ ಒಮ್ಮೆ ಅಳೆಸಿ, ಆ ಸಂಖ್ಯೆಯನ್ನೂ ಬರೆದಿಡಿ. ಮುಂದಿನ ಸಲ ಅಳೆಸಿದಾಗ ಎಷ್ಟು ಕಡಿಮೆಯಾಗಿದೆ ಅನ್ನುವುದು ಒಂದೇ ಅಳತೆಗಿಂತ ಹೆಚ್ಚು ಹೇಳುತ್ತದೆ.

ಇದೆಲ್ಲಕ್ಕೂ ಮೊದಲು, ಮುಂದಿನ ಸಲ ಓಡಿಸುವುದಕ್ಕೂ ಮೊದಲು, ಫಿಲ್ಟರ್ ತೆಗೆದು ಎಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೋಡೆಯನ್ನು ಒಂದು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೆಳ್ಳಗೇ ಬಂದರೆ ಮೇಲೆ ಹೇಳಿದ ಹಾಗೆ ಮುಂದುವರಿಯಿರಿ. ಮಣ್ಣಿನ ಬಣ್ಣ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಫಿಲ್ಟರಿನ ಹೊಲಿಗೆ, ಅದು ಕೂರುವ ಅಂಚು, ಕೊಳವೆಯ ಕ್ಲಾಂಪ್ ಮೂರನ್ನೂ ನೋಡಿ ಧೂಳು ಎಲ್ಲಿಂದ ಬಂತು ಅಂತ ಕಂಡುಹಿಡಿಯಿರಿ, ವಾಲ್ವ್ ಗ್ಯಾಪನ್ನು ಅದೇ ವಾರ ಅಳೆಸಿ.